ಅವಕಾಶ ಇದೆ ಎಂದಿರಿ, ಸುದ್ದಿ ಎಲ್ಲಿದೆ ಮೇಡಂ?

ಮುಖ್ಯಸ್ಥರಿಗೆ,
ವಿಜ್ಞಾನ ಮತ್ತು ಸಮಾಜ ಅಧ್ಯಯನ ಕಾರ್ಯಕ್ರಮ,
ಮುಂಬಯಿ

ಮಾನ್ಯ ಮೇಡಂ,

ನಮಸ್ಕಾರ. ಇದೊಂದು ದೂರು. ಜೊತೆಗೆ ಒಂದಷ್ಟು ಬೇಡಿಕೆಗಳೂ ಇವೆ. ನಿಮ್ಮ ವಿಶ್ವವಿದ್ಯಾಲಯದ ಹೆಸರನ್ನು ಬೇಕಂತಲೇ ಬರೆದಿಲ್ಲ. ಹೆಸರು ಬಂದ ಕೂಡಲೇ ಮಾತು ಮಾನ ಮರ್ಯಾದೆಯ ಕಡೆ ತಿರುಗುತ್ತದೆ, ಮಕ್ಕಳ ವಿಷಯ ಮೂಲೆಗೆ ಹೋಗುತ್ತದೆ. ನಿಮ್ಮ ಆಫೀಸಿಗೆ ಇಂಗ್ಲಿಷ್‌ನಲ್ಲಿ ಬರೆದ ಮೇಲ್‌ಗಳಿಗೆ ಉತ್ತರ ಬರಲಿಲ್ಲ. ನಿಮಗೆ ಕನ್ನಡ ಚೆನ್ನಾಗಿ ಬರುತ್ತದೆ. ಹಾಗಾಗಿ ಕನ್ನಡದಲ್ಲೇ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಕಳೆದ ಚಳಿಗಾಲದಲ್ಲಿ ನಮ್ಮ ಉಪನಗರದ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನೀವು ಮುಖ್ಯ ಅತಿಥಿಯಾಗಿ ಬಂದಿದ್ದಿರಿ. ‘ನಮ್ಮಲ್ಲಿ ಫೆಲೋಶಿಪ್ ಇದೆ, ಇಂಟರ್ನ್‌ಶಿಪ್ ಇದೆ, ಬೇಸಿಗೆ ಶಿಬಿರ ಇದೆ. ಬಾಗಿಲು ತೆರೆದೇ ಇದೆ. ಮುಂಬಯಿ ಕನ್ನಡಿಗರ ಮಕ್ಕಳು ಮಾತ್ರ ಬರ್ತಾ ಇಲ್ಲ. ಸಿಎ, ಇಂಜಿನಿಯರಿಂಗ್ ಬಿಟ್ಟು ಅವರಿಗೆ ಬೇರೇನೂ ಕಾಣಲ್ಲ’ ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳಿದ್ದರು. ಇಬ್ಬರೂ ನಿಮ್ಮ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಲು ಕೂತು, ಲಿಂಕ್ ಮುಚ್ಚಿದ್ದು ನೋಡಿ ಎದ್ದವರು. ಮಕ್ಕಳು ಯಾಕೆ ಬರುತ್ತಿಲ್ಲ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಅವರ ಹತ್ತಿರ ಇತ್ತು. ವೇದಿಕೆಯಿಂದ ಯಾರೂ ಕೇಳಲಿಲ್ಲ ಅಷ್ಟೇ. ಆ ಉತ್ತರವನ್ನು ಈಗ ನಾನು ಬರೆಯುತ್ತಿದ್ದೇನೆ.

ನಾನು ಡೊಂಬಿವಲಿಯಿಂದಾಚೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಮೊದಲು ಸುದ್ದಿ ನಮ್ಮಲ್ಲಿಗೆ ಹೇಗೆ ಬರುತ್ತದೆ ಎಂದು ಕೇಳಿ. ನಿಮ್ಮ ಕಚೇರಿಯಿಂದ ಪ್ರಿನ್ಸಿಪಾಲರ ಮೇಲ್‌ಗೆ ಒಂದು ಪಿಡಿಎಫ್ ಬರುತ್ತದೆ. ಆ ಮೇಲ್ ನೋಡುವವರು ಒಬ್ಬರೇ ಕ್ಲರ್ಕ್. ಪರೀಕ್ಷೆ ಫಾರ್ಮು, ಸ್ಕಾಲರ್‌ಶಿಪ್ ಫಾರ್ಮು, ಆ ಸಮಿತಿ ಈ ಸಮಿತಿಯ ಕಾಗದ, ಎಲ್ಲ ಅವರದೇ ತಲೆಗೆ. ಅವರು ಪ್ರಿಂಟ್ ತೆಗೆದು ಇನ್‌ವರ್ಡ್ ಸೀಲು ಒತ್ತುತ್ತಾರೆ. ಕಾಗದ ಸಹಿಗೆ ಹೋಗುತ್ತದೆ, ಅಲ್ಲಿಂದ ವಿಭಾಗಗಳಿಗೆ ಝೆರಾಕ್ಸ್ ಆಗಿ ಬರುತ್ತದೆ. ಈ ವರ್ಷದ ನಿಮ್ಮ ಪೋಸ್ಟರ್ ನಮ್ಮ ವಿಭಾಗದ ಗಾಜಿನ ಬೋರ್ಡಿನೊಳಗೆ ಇನ್ನೂ ಇದೆ. ಮೂಲದಲ್ಲಿ ಬಣ್ಣ ಇದ್ದಿರಬೇಕು, ನಮಗೆ ಬಂದದ್ದು ಬೂದಿ. ಕೆಳಗಿನ ಮೂಲೆಯ ಕ್ಯೂಆರ್ ಕೋಡ್ ಝೆರಾಕ್ಸ್ ಮೇಲೆ ಝೆರಾಕ್ಸ್ ಆಗಿ ಕಪ್ಪು ಚೌಕವಾಗಿದೆ, ಯಾವ ಫೋನೂ ಅದನ್ನು ಓದುವುದಿಲ್ಲ. ಲಿಂಕ್ ಬೇರೆ ಎಲ್ಲೂ ಬರೆದಿಲ್ಲ. ಇನ್‌ವರ್ಡ್ ಸೀಲಿನ ತಾರೀಖು ನೋಡಿ, ಆಮೇಲೆ ಪೋಸ್ಟರಿನ ಕೊನೆಯ ತಾರೀಖು ನೋಡಿ. ಸೀಲು ಬಿದ್ದದ್ದೇ ಗಡುವು ಮುಗಿದ ಮೇಲೆ. ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಇದರಲ್ಲಿ ನಮ್ಮ ಕಾಲೇಜಿನ ಪಾಲೂ ಇದೆ, ಒಪ್ಪುತ್ತೇನೆ. ಆದರೆ ಪ್ರಕಟಣೆಗೂ ಗಡುವಿಗೂ ನಡುವೆ ನೀವು ಇಟ್ಟದ್ದೇ ಒಂದು ವಾರ. ಕ್ಲರ್ಕ್ ಗಾಳಿಯ ಹಾಗೆ ಓಡಾಡಿದ್ದರೂ ಕಾಗದ ಬೋರ್ಡಿಗೆ ಬಂದು, ಹುಡುಗಿಯೊಬ್ಬಳು ಅದನ್ನು ಓದಿ, ಮನೆಯಲ್ಲಿ ಕೇಳಿ, ಇಬ್ಬರು ಪ್ರೊಫೆಸರರಿಂದ ಪತ್ರ ತಂದು ಅರ್ಜಿ ತುಂಬುವುದು ಒಂದು ವಾರದಲ್ಲಿ ಆಗುವ ಕೆಲಸವಾ? ನಿಮ್ಮ ಕ್ಯಾಂಪಸ್ಸಿನಲ್ಲೇ ಓದುವವರಿಗೆ ಆಗುತ್ತದೆ. ಅವರಿಗೆ ಪೋಸ್ಟರ್ ಬರುವ ಮೊದಲೇ ಕ್ಯಾಂಟೀನಿನಲ್ಲಿ ಸುದ್ದಿ ಸಿಕ್ಕಿರುತ್ತದೆ.

ನಿಮ್ಮ ತ್ರೈಮಾಸಿಕ ಸುದ್ದಿಪತ್ರವನ್ನೂ ತೆಗೆದು ನೋಡಿದೆ. ಮೊದಲ ಪುಟದಲ್ಲಿ ದೀಪ ಬೆಳಗುವ ಫೋಟೋ. ಎರಡನೆಯದರಲ್ಲಿ ಶಾಲು. ಮೂರನೆಯದರಲ್ಲಿ ವಿದೇಶದಿಂದ ಬಂದ ವಿದ್ವಾಂಸರಿಗೆ ಹಾರ. ಹಾಗೇ ಹೋಗಿ ಹೋಗಿ ಕೊನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ ‘ವಿದ್ಯಾರ್ಥಿಗಳಿಗೆ ಅವಕಾಶಗಳು: ವಿವರ ಸದ್ಯದಲ್ಲೇ’. (ಶಾಲು ಹಾರದ ಚಟ ನಮ್ಮ ಕನ್ನಡ ಸಂಘಗಳಿಗೆ ನಿಮಗಿಂತ ಜಾಸ್ತಿಯೇ ಇದೆ. ಆದರೆ ಸಂಘದ ಸ್ಮರಣ ಸಂಚಿಕೆ ನಂಬಿಕೊಂಡು ಯಾರೂ ಭವಿಷ್ಯ ಕಟ್ಟಿಕೊಳ್ಳುವುದಿಲ್ಲ.)

ತಡವಾದ ಸುದ್ದಿಗೆ ಮಕ್ಕಳು ತೆರುವ ಬೆಲೆ ಏನು ಎಂಬುದಕ್ಕೆ ನಿಮ್ಮ ಕಾರ್ಯಕ್ರಮದಿಂದ ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ನಿಮಗೆ ಗೊತ್ತೇ ಇದೆ. ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಒಂದು ಶೇಕಡಾದಲ್ಲಿ ಬಂದು, ಮೂಲ ವಿಜ್ಞಾನ ಓದಲು ಸೇರಿದವರಿಗೆ ವರ್ಷಕ್ಕೆ 80,000 ರೂಪಾಯಿ. ಆದರೆ ಡಿಗ್ರಿಯ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ನಮ್ಮಲ್ಲಿ ಆ ಅಂಕ ಇದ್ದ ಹುಡುಗನಿಗೆ ಇದು ತಿಳಿದದ್ದು ಎರಡನೇ ವರ್ಷದಲ್ಲಿ, ಅದೂ ಲೋಕಲ್ ಟ್ರೇನಿನಲ್ಲಿ ಬೇರೆ ಕಾಲೇಜಿನವನ ಬಾಯಿಂದ. ಅವನ ಅಪ್ಪ ಹೋಟೆಲಿನಲ್ಲಿ ಕ್ಯಾಶಿಯರ್. ಮೂರು ವರ್ಷಕ್ಕೆ ಎಷ್ಟಾಯಿತು ಎಂದು ಅಪ್ಪ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದರಂತೆ. ಇಲ್ಲಿ ಯೋಜನೆಯಲ್ಲಿ ತಪ್ಪಿರಲಿಲ್ಲ, ಹುಡುಗನಲ್ಲೂ ತಪ್ಪಿರಲಿಲ್ಲ. ಸುದ್ದಿ ಹೊತ್ತು ತರುವವರು ನಡುವೆ ಯಾರೂ ಇರಲಿಲ್ಲ.

ನೀವು ಹೇಳಬಹುದು, ಎಲ್ಲ ಅವಕಾಶವೂ ಎಲ್ಲರಿಗಲ್ಲ ಎಂದು. ಸರಿ. ಆದರೆ ನಿಮ್ಮದು ಪಾರ್ಟಿಕಲ್ ಫಿಸಿಕ್ಸ್ ವಿಭಾಗ ಅಲ್ಲ ಅಲ್ವಾ? ಊರಿನ ನೀರು, ಗಾಳಿ, ರೋಗ, ಕಸ, ಇವುಗಳ ಮಧ್ಯೆ ಜನ ಹೇಗೆ ಬದುಕುತ್ತಾರೆ ಎಂದು ಓದುವ ಕಾರ್ಯಕ್ರಮ ನಿಮ್ಮದು. ಅದಕ್ಕೆ ಈ ಮುಂಬಯಿಗಿಂತ ದೊಡ್ಡ ಪಾಠಶಾಲೆ ಎಲ್ಲಿದೆ? 1896ರಲ್ಲಿ ಮಾಂಡವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಬ್ಯಾಕ್ಟೀರಿಯಾ ವಿಜ್ಞಾನಿ ಹಾಫ್‌ಕಿನ್ ಇದೇ ಊರಿನ ಭಾಯಖಳಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕೂತು ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಲ್ಯಾಬ್ ಮಾಡಬೇಕಾದ್ದನ್ನು ಲ್ಯಾಬ್ ಮಾಡಿತು. ಹೊರಗೆ ನಡೆದದ್ದೇ ಬೇರೆ. ಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುತ್ತಾರೆ ಎಂಬ ಭಯಕ್ಕೆ ಜನ ಊರು ಬಿಟ್ಟರು. ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಬಿತ್ತು. ಗಲ್ಲಿಯ ಜನ ಏನು ಯೋಚಿಸುತ್ತಿದ್ದಾರೆ ಎಂದು ಆಳುವವರಿಗೆ ಹೇಳಬಲ್ಲವರು ಆ ಗಲ್ಲಿಗಳಲ್ಲೇ ಇದ್ದರು. ಅವರನ್ನು ಯಾರೂ ಕರೆದು ಕೂರಿಸಲಿಲ್ಲ.

ಈಗಿನ ಮಾತಿಗೆ ಬರೋಣ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಅದೇ ದಿನ ಕೊಲಾಬಾದಲ್ಲಿ ಅದರ ಹತ್ತನೇ ಒಂದು ಪಾಲೂ ಬೀಳಲಿಲ್ಲ. ಒಂದೇ ಊರು, ಒಂದೇ ದಿನ. ಉಪನಗರಗಳಲ್ಲಿ ಜನ ಕುತ್ತಿಗೆಯವರೆಗೆ ನೀರಲ್ಲಿ ನಡೆಯುತ್ತಿದ್ದರೆ, ದಕ್ಷಿಣ ಮುಂಬಯಿಯ ಆಫೀಸುಗಳಲ್ಲಿ ಹೊರಗೆ ಇಷ್ಟು ಅನಾಹುತವಾಗಿದೆ ಎಂದು ಎಷ್ಟೋ ಜನಕ್ಕೆ ಟ್ರೇನ್ ನಿಂತ ಮೇಲೇ ಗೊತ್ತಾದದ್ದು. 2019ರ ಜುಲೈನಲ್ಲಿ ಬದ್ಲಾಪುರ ಮತ್ತು ವಾಂಗಣಿಯ ಮಧ್ಯೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಲ್ಲಿ ನಿಂತು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಬಿಡಿಸಿಕೊಂಡು ಬರಬೇಕಾಯಿತು. ಅದು ನನ್ನ ವಿದ್ಯಾರ್ಥಿಗಳ ಮನೆಯ ಹಿತ್ತಿಲು.

ಅವರಲ್ಲಿ ಒಬ್ಬಳ ವಿಷಯ ಹೇಳಬೇಕು. ಉಲ್ಲಾಸ್ ನದಿಯ ಹತ್ತಿರದ ಒಂದು ಹಳೆಯ ಬಿಲ್ಡಿಂಗಿನಲ್ಲಿ ಅವಳ ಮನೆ. ಊರು ಕುಂದಾಪುರದ ಕಡೆ, ಅಮ್ಮ ಟಿಫಿನ್ ಡಬ್ಬಿ ಮಾಡಿ ಕೊಡುತ್ತಾರೆ. ಹೈಸ್ಕೂಲಿನಲ್ಲಿದ್ದಾಗಿನಿಂದ ಅವಳು ಪ್ರತಿ ಮಳೆಗಾಲ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ನೀರು ಎಲ್ಲಿಯವರೆಗೆ ಬಂತು ಎಂದು ಗೆರೆ ಹಾಕುತ್ತಾಳೆ. ಪಕ್ಕದಲ್ಲಿ ತಾರೀಖು, ನೀರು ಏರಿದ ಹೊತ್ತು, ಇಳಿದ ಹೊತ್ತು. ಒಂದು ಗೆರೆ ನೈಲ್‌ಪಾಲಿಷ್‌ನದು, ಆ ದಿನ ಕೈಗೆ ಸಿಕ್ಕಿದ್ದು ಅದೇ ಅಂತೆ. ಸೊಸೈಟಿಯವರು ಬಣ್ಣ ಹೊಡೆಸುವಾಗ ಪೇಂಟರ್ ಹತ್ತಿರ ಜಗಳ ಆಡಿ ಆ ಗೋಡೆ ಉಳಿಸಿಕೊಂಡಿದ್ದಾಳೆ. ಕೆಳಮನೆಯ ಅಜ್ಜಿ 2005ರಲ್ಲಿ ನೀರು ಎಲ್ಲಿಗೆ ಬಂದಿತ್ತು ಎಂದು ಕೈಯಿಟ್ಟು ತೋರಿಸಿದ ಜಾಗಕ್ಕೂ ಒಂದು ಗೆರೆ ಹಾಕಿ, ‘ಅಜ್ಜಿ ಹೇಳಿದ್ದು’ ಎಂದು ಬೇರೆಯಾಗಿ ಬರೆದಿದ್ದಾಳೆ. ತಾನು ಕಂಡದ್ದನ್ನೂ ಬೇರೆಯವರು ಹೇಳಿದ್ದನ್ನೂ ಬೆರೆಸಬಾರದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಮನೆಯಲ್ಲಿ ಕುಂದಾಪುರ ಕನ್ನಡ, ಬಿಲ್ಡಿಂಗಿನಲ್ಲಿ ಮರಾಠಿ, ಮಾರ್ಕೆಟ್ಟಿನಲ್ಲಿ ಹಿಂದಿ. ನಿಮ್ಮ ಈ ವರ್ಷದ ಇಂಟರ್ನ್‌ಶಿಪ್‌ನ ವಿಷಯ ಏನು ಹೇಳಿ? ನಗರದ ನೆರೆ ಮತ್ತು ಜನರ ಅನುಭವ. ಲಿಂಕ್ ಮುಚ್ಚಿದ್ದು ನೋಡಿ ಎದ್ದ ಇಬ್ಬರಲ್ಲಿ ಇವಳೂ ಒಬ್ಬಳು.

ಇರಲಿ, ಸುದ್ದಿ ಟೈಮಿಗೆ ಸಿಕ್ಕಿತು ಎಂದುಕೊಳ್ಳೋಣ. ಮುಂದೇನು? ಅರ್ಜಿಗೆ ‘ಸಂಶೋಧನಾ ಅನುಭವ ಇರುವ’ ಇಬ್ಬರು ಪ್ರಾಧ್ಯಾಪಕರ ಶಿಫಾರಸು ಪತ್ರ ಬೇಕು. ಅವರು ವಿದ್ಯಾರ್ಥಿಯನ್ನು ಎರಡು ವರ್ಷದಿಂದ ಬಲ್ಲವರಾಗಿರಬೇಕು. ನಮ್ಮಂಥ ಕಾಲೇಜುಗಳಲ್ಲಿ ಪಾಠ ಮಾಡುವವರಲ್ಲಿ ಎಷ್ಟೋ ಜನ ಸಿಎಚ್‌ಬಿ, ಅಂದರೆ ಗಂಟೆ ಲೆಕ್ಕದವರು. ಈ ವರ್ಷ ಇದ್ದವರು ಮುಂದಿನ ವರ್ಷ ಇರುವುದಿಲ್ಲ. ಒಂದೊಂದು ಕ್ಲಾಸಿನಲ್ಲಿ ನೂರಕ್ಕೂ ಮೇಲೆ ಮಕ್ಕಳು. ಯಾರು ಯಾರನ್ನು ಎರಡು ವರ್ಷದಿಂದ ಬಲ್ಲರು? ಪ್ರಾಧ್ಯಾಪಕರನ್ನು ನೇಮಿಸದ ತಪ್ಪು ನಿಮ್ಮದಲ್ಲ, ಗೊತ್ತು. ಆದರೆ ಆ ತಪ್ಪಿಗೆ ದಂಡ ವಿದ್ಯಾರ್ಥಿ ಕಟ್ಟುವ ಹಾಗೆ ನಿಯಮ ಮಾಡಿದ್ದು ನೀವು.

ಆಮೇಲೆ ದುಡ್ಡಿನ ಮಾತು. ನಿಮ್ಮ ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ಸ್ಟೈಪೆಂಡ್ ಇಲ್ಲ, ಸರ್ಟಿಫಿಕೇಟ್ ಇದೆ. ನಮ್ಮ ಮಕ್ಕಳು ಏಪ್ರಿಲ್, ಮೇ ತಿಂಗಳಲ್ಲಿ ಸುಮ್ನೆ ಮನೆಯಲ್ಲಿ ಇರುವುದಿಲ್ಲ. ಕ್ಯಾಟರಿಂಗ್‌ಗೆ ಹೋಗುತ್ತಾರೆ, ಮಾಲ್‌ಗಳಲ್ಲಿ ಬಿಲ್ಲಿಂಗ್‌ಗೆ ನಿಲ್ಲುತ್ತಾರೆ, ಟ್ಯೂಷನ್ ಹೇಳುತ್ತಾರೆ. ಮುಂದಿನ ವರ್ಷದ ಫೀಸು ಅಲ್ಲಿಂದ ಬರಬೇಕು. ರೈಲ್ವೆಯ ವಿದ್ಯಾರ್ಥಿ ಪಾಸು ಮನೆಯಿಂದ ಕಾಲೇಜಿನವರೆಗೆ ಮಾತ್ರ ನಡೆಯುತ್ತದೆ. ನಿಮ್ಮಲ್ಲಿಗೆ ಬರಲು ದಿನಾ ಬೇರೆ ಟಿಕೆಟ್, ಮಧ್ಯಾಹ್ನದ ಊಟ ಹೊರಗೆ. ಹೀಗಾದರೆ ಅಪ್ಪನ ಜೇಬು ಗಟ್ಟಿ ಇದ್ದವರು ಮಾತ್ರ ಕೊಳೆಗೇರಿಯ ಬಡತನದ ಬಗ್ಗೆ ರಿಪೋರ್ಟ್ ಬರೆಯುತ್ತಾರೆ. ಇದು ನಿಮಗೂ ವಿಚಿತ್ರ ಅನಿಸುವುದಿಲ್ಲವಾ? ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ವಿದ್ಯಾರ್ಥಿಗೆ ತಿಂಗಳ ಭತ್ಯೆಯೂ ಇದೆ, ರೈಲು ಖರ್ಚೂ ಇದೆ. ಅದರ ಪ್ರಕಟಣೆಯೂ ಬೇಸಿಗೆಗೆ ಎಷ್ಟೋ ತಿಂಗಳು ಮೊದಲೇ ಬರುತ್ತದೆ.

ನಿಮ್ಮ ಉಪನ್ಯಾಸಗಳು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ. ಆ ಹೊತ್ತಿಗೆ ನಮ್ಮಲ್ಲಿ ಪ್ರಾಕ್ಟಿಕಲ್ ನಡೆಯುತ್ತಿರುತ್ತದೆ. 75 ಶೇಕಡಾ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕೊಲಾಬಾದ ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು 2009ರಲ್ಲಿ ಶುರುಮಾಡಿದ ‘ಚಾಯ್ ಆ್ಯಂಡ್ ವೈ’ ಮಾತುಕತೆ ಜುಹುವಿನ ಪೃಥ್ವಿ ಥಿಯೇಟರ್‌ನಲ್ಲಿ ರವಿವಾರ ನಡೆಯುತ್ತದೆ. ಯಾರು ಬೇಕಾದರೂ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ಪುಣೆಯ ಖಗೋಳ ವಿಜ್ಞಾನ ಕೇಂದ್ರ ಐಯುಕಾದಲ್ಲಿ ಶಾಲಾ ಮಕ್ಕಳಿಗೆ ಎರಡನೇ ಶನಿವಾರದ ಉಪನ್ಯಾಸ ಇಂಗ್ಲಿಷ್‌ನಲ್ಲೂ ಮರಾಠಿಯಲ್ಲೂ ಆಗುತ್ತದೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ದೊಡ್ಡ ರೇಡಿಯೋ ದೂರದರ್ಶಕದ ಆವರಣಕ್ಕೆ ಸುತ್ತಲಿನ ಹಳ್ಳಿಯ ಶಾಲೆಗಳ ಮಕ್ಕಳು ಬಂದು ತಾವೇ ಮಾಡಿದ ಮಾದರಿಗಳನ್ನು ಇಡುತ್ತಾರೆ. ನಕ್ಷತ್ರದ ಸಂಕೇತ ಹಿಡಿಯುವವರಿಗೆ ಹಳ್ಳಿಯ ಮಕ್ಕಳು ಸಿಗುತ್ತಾರೆ. ಸಮಾಜವನ್ನೇ ಓದುವ ನಿಮಗೆ ಡೊಂಬಿವಲಿ ಸಿಗುವುದಿಲ್ಲ ಎಂದರೆ ನಂಬುವುದು ಕಷ್ಟ.

ಮುಂಬಯಿ ಕನ್ನಡಿಗರ ಮಟ್ಟಿಗೆ ಇದು ಹೊಸ ಪ್ರಶ್ನೆಯೂ ಅಲ್ಲ. ಊರಿಂದ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗರಿಗೆ ನಮ್ಮ ಹಿರಿಯರು ಫೋರ್ಟ್‌ನಲ್ಲಿ ರಾತ್ರಿ ಶಾಲೆ ತೆರೆದರು. ಹಗಲು ಹತ್ತಕ್ಕೆ ಶಾಲೆ ಇಟ್ಟು, ಹುಡುಗರು ಬರ್ತಾ ಇಲ್ಲ ಎಂದು ಸಭೆಯಲ್ಲಿ ಬೇಸರ ಪಟ್ಟಿದ್ದರೆ ಅವರನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಹೋಟೆಲಿನ ಕೆಲಸ ಮುಗಿಯುವ ಹೊತ್ತಿಗೆ ಶಾಲೆಯ ಗಂಟೆ ಹೊಡೆಯಿತು. ಆ ಶಾಲೆಗಳಲ್ಲಿ ಓದಿದವರು ಬ್ಯಾಂಕಿಗೆ ಹೋದರು, ವಕೀಲರಾದರು, ಮೇಷ್ಟ್ರಾದರು. ನನ್ನ ತಂದೆಯೂ ಅಲ್ಲಿ ಓದಿದವರೇ.

ಈಗ ಬೇಡಿಕೆಗಳು. ಯಾವುದೂ ದೊಡ್ಡ ಬಜೆಟ್ ಕೇಳುವಂಥದ್ದಲ್ಲ, ಒಂದನ್ನು ಬಿಟ್ಟು.

ಪ್ರಕಟಣೆಗೆ ವರ್ಷಕ್ಕೆ ಎರಡು ತಾರೀಖು ಗೊತ್ತು ಮಾಡಿ. ಜುಲೈಯಲ್ಲಿ ಒಂದು, ಜನವರಿಯಲ್ಲಿ ಒಂದು ಇರಲಿ. ಆ ದಿನ ನಿಮ್ಮ ಎಲ್ಲ ಅವಕಾಶವೂ ಒಟ್ಟಿಗೆ ಹೊರಬರಲಿ. ಕೊನೆಯ ದಿನಾಂಕ ಅಲ್ಲಿಂದ ಕನಿಷ್ಠ ಒಂದು ತಿಂಗಳ ಮೇಲಿರಲಿ. ತಾರೀಖು ಗೊತ್ತಿದ್ದರೆ ನಾವೇ ಕಾದು ಕೂರುತ್ತೇವೆ, ಕ್ಲರ್ಕಿನ ಮೇಜಿನ ಮೇಲೆ ಕಾಗದ ಹುಡುಕುವುದು ತಪ್ಪುತ್ತದೆ. ಪೋಸ್ಟರ್ ಜೊತೆಗೆ ವಾಟ್ಸ್ಆ್ಯಪ್‌ನಲ್ಲಿ ಮುಂದೆ ಕಳಿಸಬಹುದಾದ ಹತ್ತು ಸಾಲಿನ ಬರಹವೂ ಬೇಕು. ಯಾರು ಅರ್ಜಿ ಹಾಕಬಹುದು, ಎಷ್ಟು ದಿನದ ಕೆಲಸ, ದುಡ್ಡು ಎಷ್ಟು, ಯಾವಾಗ ಕೊನೆ, ಅನುಮಾನ ಬಂದರೆ ಯಾರಿಗೆ ಫೋನ್ ಮಾಡಬೇಕು. ಅಷ್ಟು ಸಾಕು. ಫೋನ್ ಮಾಡಿದರೆ ಎತ್ತಬೇಕು, ಅದನ್ನೂ ಸೇರಿಸಿ ಹೇಳುತ್ತೇನೆ. ಆ ಹತ್ತು ಸಾಲು ಮರಾಠಿ, ಹಿಂದಿಯಲ್ಲೂ ಇರಲಿ. ಕನ್ನಡಕ್ಕೆ ನಾನು ಮಾಡಿಕೊಡುತ್ತೇನೆ. ಗುಜರಾತಿ, ಉರ್ದು, ತಮಿಳಿಗೆ ಮಾಡಿಕೊಡುವ ಅಧ್ಯಾಪಕರೂ ಈ ಊರಲ್ಲಿ ಸಿಗುತ್ತಾರೆ. ಅಮ್ಮ ಅಪ್ಪ ಓದಿ ‘ಹೋಗು’ ಅನ್ನಬೇಕಾದ ಕಾಗದ ಇದು.

ಸ್ಟೈಪೆಂಡ್ ಕೊಡಿ. ಬಜೆಟ್ ಕೇಳುವ ಬೇಡಿಕೆ ಇದೊಂದೇ. ಇಪ್ಪತ್ತು ಜನರನ್ನು ಬಿಟ್ಟಿ ದುಡಿಸುವ ಬದಲು ಎಂಟು ಜನಕ್ಕೆ ದುಡ್ಡು ಕೊಟ್ಟು ಕರೆಯಿರಿ. ಹೊಸ ಶಿಕ್ಷಣ ನೀತಿಯಲ್ಲಿ ಫೀಲ್ಡ್ ಪ್ರಾಜೆಕ್ಟಿಗೂ ಇಂಟರ್ನ್‌ಶಿಪ್‌ಗೂ ಕ್ರೆಡಿಟ್ ಇದೆ. ಈಗ ಪ್ರತಿ ಮಗುವೂ ಎಲ್ಲಾದರೂ ಜಾಗ ಹುಡುಕಲೇಬೇಕು. ಹುಡುಕಿ ಸಿಗದವರು ಪರಿಚಯದ ಅಂಗಡಿಯಿಂದ ಒಂದು ಲೆಟರ್‌ಹೆಡ್ ತಂದು ಕೊಡುತ್ತಾರೆ, ನಾವೂ ಕಣ್ಣು ಮುಚ್ಚಿ ಸಹಿ ಹಾಕುತ್ತೇವೆ. ಇದು ಎಲ್ಲ ಕಾಲೇಜಿಗೂ ಗೊತ್ತಿರುವ ಗುಟ್ಟು.

ಶಿಫಾರಸು ಪತ್ರ ಒಂದೇ ಸಾಕು, ಯಾವ ಅಧ್ಯಾಪಕರದಾದರೂ ಆಗಲಿ. ಸಾವಿರ ಪದದ ಇಂಗ್ಲಿಷ್ ಪ್ರಬಂಧದ ಬದಲು, ನಿನ್ನ ಓಣಿಯಲ್ಲಿ ನೀನು ಗಮನಿಸಿದ ಒಂದು ಸಂಗತಿ ಬರೆ ಎಂದು ಕೇಳಿ ನೋಡಿ, ಯಾವ ಭಾಷೆಯಲ್ಲಾದರೂ ಸರಿ. ಆಗ ಅರ್ಜಿ ಹಾಕೋರೇ ಇಲ್ಲ ಅನ್ನುತ್ತೀರಾ ಎಂದು ನೋಡೋಣ. ಸಂದರ್ಶನದಲ್ಲಿ ನಮ್ಮ ಹಿಂದಿನ ಬ್ಯಾಚಿನ ಹುಡುಗನಿಗೆ ಯಾವ ಜರ್ನಲ್ ಓದಿದ್ದೀಯ ಎಂದು ಕೇಳಿದರಂತೆ. ನಮ್ಮ ಲೈಬ್ರರಿಗೆ ಬರುವುದು ಸ್ಪರ್ಧಾತ್ಮಕ ಪರೀಕ್ಷೆಯ ಮಾಸಿಕ.

ಇನ್ನೊಂದು ಮುಖ್ಯ ವಿಷಯ. ಪ್ರತಿ ವರ್ಷ ಎಷ್ಟು ಅರ್ಜಿ ಬಂತು, ಯಾವ ಯಾವ ಕಾಲೇಜಿನಿಂದ ಬಂತು, ಆಯ್ಕೆ ಆದವರು ಎಲ್ಲಿಯವರು, ಇಷ್ಟನ್ನು ಸುದ್ದಿಪತ್ರದಲ್ಲಿ ಹಾಕಿ. ಹೆಸರು ಬೇಡ, ಕಾಲೇಜಿನ ಪಿನ್‌ಕೋಡ್ ಸಾಕು. ದೀಪ ಬೆಳಗುವ ಒಂದು ಫೋಟೋ ಕಮ್ಮಿ ಮಾಡಿದರೆ ಜಾಗ ಆಗುತ್ತದೆ. ಮಕ್ಕಳು ಬರ್ತಾ ಇಲ್ಲವೋ, ಕರೆ ಮುಟ್ಟುತ್ತಾ ಇಲ್ಲವೋ ಎಂಬ ವಾದ ಆ ಪಟ್ಟಿಯಿಂದಲೇ ತೀರ್ಮಾನವಾಗುತ್ತದೆ. ನಾನು ಹೇಳಿದ್ದು ಸುಳ್ಳಾದರೆ ಇಲ್ಲೇ ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ.

ಸಂಘ ಸಂಸ್ಥೆಗಳ ಹಿರಿಯರಿಗೂ ಒಂದು ಮಾತು. ಪ್ರತಿ ವರ್ಷ ಪ್ರತಿಭಾ ಪುರಸ್ಕಾರ ಮಾಡುತ್ತೀರಿ. 90 ಶೇಕಡಾ ಬಂದವರಿಗೆ ಫಲಕ, ಪುಸ್ತಕ. ಒಳ್ಳೆಯದೇ. ಅದೇ ಸಭೆಯಲ್ಲಿ ಹತ್ತು ನಿಮಿಷ ಇಂಥ ಅವಕಾಶಗಳ ಪಟ್ಟಿ ಓದಿ. ಫಾರ್ಮು ತುಂಬಲು ಬರುವ ಇಬ್ಬರು ಯುವಕರನ್ನು ಒಂದು ಲ್ಯಾಪ್‌ಟಾಪ್ ಕೊಟ್ಟು ಹೊರಗೆ ಕೂರಿಸಿ.

ಮೇಡಂ, ಜುಲೈಯಲ್ಲಿ ಒಂದು ರವಿವಾರ ನಮ್ಮ ಕಡೆ ಬನ್ನಿ. ಮುಖ್ಯ ಅತಿಥಿಯಾಗಿ ಬೇಡ. ನಿಮ್ಮ ಅರ್ಜಿ ನಮೂನೆ ತೆಗೆದುಕೊಂಡು ಬನ್ನಿ, ಆಯ್ಕೆ ಸಮಿತಿಯ ಒಬ್ಬರನ್ನೂ ಕರೆದುಕೊಂಡು ಬನ್ನಿ. ಮದುವೆ ಇಲ್ಲದ ದಿನ ಸಂಘದ ಹಾಲ್ ಬೆಳಗ್ಗೆ ಖಾಲಿ ಇರುತ್ತದೆ, ಕಾರ್ಯದರ್ಶಿಗಳು ಒಪ್ಪಿದ್ದಾರೆ. ಕಲ್ಯಾಣ, ಅಂಬರನಾಥ, ಬದ್ಲಾಪುರದ ಕಾಲೇಜುಗಳ ಮಕ್ಕಳನ್ನು ಸೇರಿಸುವ ಕೆಲಸ ನಮ್ಮದು, ಅವರ ಮನೆಮಾತು ಯಾವುದೇ ಆಗಿರಲಿ. ಚಹಾ, ತಿಂಡಿಯೂ ನಮ್ಮದೇ. ದಿನ ಯಾವುದು ಎಂದು ಜೂನ್ ಮುಗಿಯುವುದರೊಳಗೆ ತಿಳಿಸಿದರೆ ಸಾಕು. ಈ ಸಲ ಮೇಲನ್ನು ಕಾಲೇಜಿನ ವಿಳಾಸಕ್ಕೆ ಕಳಿಸಬೇಡಿ, ಸಂಘದ ಕಚೇರಿಗೆ ಒಂದು ಫೋನ್ ಮಾಡಿಬಿಡಿ.

ವಿಶ್ವಾಸದಿಂದ,
ಡೊಂಬಿವಲಿಯ ಒಬ್ಬ ಕೆಮಿಸ್ಟ್ರಿ ಅಧ್ಯಾಪಕ